ಲೆಕ್ಕದ ಪುಸ್ತಕ ಮತ್ತು ತಾಯಿ ಕಾರ್ಡು

(ಕುಮಟಾದಲ್ಲಿ ಎಳೆಯ ಮಕ್ಕಳ ತಾಯಂದಿರ ಸಭೆಯೊಂದರಲ್ಲಿ ಮೇ ಕೊನೆಯ ವಾರ ಆಡಿದ ಮಾತುಗಳ ಬರಹ ರೂಪ)

ಅಕ್ಕ-ತಂಗಿಯರೇ, ಹಿರಿಯರೇ, ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ನಿಂತಿರುವ ಅಪ್ಪಂದಿರೇ,

ಈ ವಾರ ನಮ್ಮ ಜಿಲ್ಲೆಯ ಯಾವ ಮನೆಗೆ ಹೋದರೂ ಮಳೆಗಾಲದ ತಯಾರಿಯದೇ ಮಾತು. ಕಟ್ಟಿಗೆ ಒಳಗೆ ಬಂತೇ, ಹಪ್ಪಳ ಒಣಗಿತೇ, ಹಂಚು ತಿರುವಿ ಆಯಿತೇ ಎಂದು ಒಬ್ಬರನ್ನೊಬ್ಬರು ಕೇಳುತ್ತೇವೆ. ಮಿತವ್ಯಯದ ಬಗ್ಗೆ ಮಾತನಾಡಬೇಕೆಂದು ನೀವು ಕರೆದಾಗ ನನಗೆ ಮೊದಲು ಹೊಳೆದದ್ದು ಜೂನ್ ತಿಂಗಳು. ಶಾಲೆ ತೆರೆಯುವುದು, ಮಳೆ ಹಿಡಿಯುವುದು, ಮಕ್ಕಳಿಗೆ ನೆಗಡಿ-ಜ್ವರ ಸುರುವಾಗುವುದು ಎಲ್ಲವೂ ಆಗಲೇ. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಂತ್ರದ ದೋಣಿಗಳಿಗೆ ಕಡಲಿಗಿಳಿಯಲು ನಿಷೇಧವಿರುವುದರಿಂದ ಕಾರವಾರದ ಬೈತಖೋಲ ಬಂದರಿನಿಂದ ಭಟ್ಕಳದವರೆಗೆ ಸಾವಿರಾರು ಮನೆಗಳಲ್ಲಿ ಆದಾಯ ನಿಲ್ಲುವುದೂ ಆಗಲೇ. ಖರ್ಚು ಏರುವ ತಿಂಗಳಲ್ಲಿಯೇ ಕೈ ಬರಿದಾಗುವ ಈ ಊರುಗಳಲ್ಲಿ ಮನೆ ನಡೆಸುವ ಹೆಂಗಸರಿಗೆ ಉಳಿತಾಯ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ಗೊತ್ತಿರುವುದನ್ನೇ ಮತ್ತೆ ಹೇಳುವ ಬದಲು, ಎಳೆಯ ಮಕ್ಕಳಿರುವ ಮನೆಯಲ್ಲಿ ಉಳಿತಾಯವನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬ ಒಂದೇ ವಿಷಯವನ್ನು ಹಿಡಿದು ಮಾತನಾಡುತ್ತೇನೆ.

ನನ್ನ ತವರು ಶಿರಸಿ ಸೀಮೆಯ ಒಂದು ಅಡಿಕೆ ತೋಟದ ಮನೆ. ಮದುವೆಯಾಗಿ ಘಟ್ಟ ಇಳಿದು ಕಾರವಾರಕ್ಕೆ ಬಂದು ಹದಿನಾಲ್ಕು ವರ್ಷಗಳಾದವು. ತವರಿನಲ್ಲಿ ಹಣವೆಂಬುದು ವರ್ಷಕ್ಕೊಮ್ಮೆ ಬರುತ್ತಿತ್ತು. ಕೊನೆಕೊಯ್ಲು, ಅಂದರೆ ಅಡಿಕೆ ಗೊನೆಗಳ ಕೊಯ್ಲು, ಮುಗಿದು ಅಡಿಕೆ ಒಣಗಿ ಮಾರಾಟವಾಗುವವರೆಗೆ ಮನೆಯ ದಿನಸಿಯೆಲ್ಲ ಸಹಕಾರಿ ಸಂಘದ ಖಾತೆಯಲ್ಲಿಯೇ ಬರುತ್ತಿತ್ತು. ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘದಂಥ ಸಂಸ್ಥೆ 1923ರಲ್ಲಿಯೇ ಹುಟ್ಟಿಕೊಂಡದ್ದಕ್ಕೆ ಈ ವರ್ಷಕ್ಕೊಮ್ಮೆಯ ಆದಾಯದ ಕಷ್ಟವೂ ಒಂದು ಕಾರಣವೆಂದು ನಾನು ತಿಳಿದಿದ್ದೇನೆ. ಕಾರವಾರದ ನಮ್ಮ ಮನೆಯಲ್ಲಿ ತಿಂಗಳಿಗೊಮ್ಮೆ ಸಂಬಳ. ಗೋಡೆಯಾಚೆಯ ಮೀನುಗಾರರ ಮನೆಯಲ್ಲಿ ದೋಣಿ ಬಂದ ದಿನ ದುಡ್ಡು, ಬಾರದ ದಿನ ಇಲ್ಲ. ಹೀಗೆ ಮೂರು ಬಗೆಯ ಆದಾಯದ ಮನೆಗಳನ್ನು ಹತ್ತಿರದಿಂದ ನೋಡಿದ್ದೇನೆ. ಮಗುವಿನ ಹೊಟ್ಟೆಗೆ ಮಾತ್ರ ವರ್ಷಕ್ಕೊಮ್ಮೆ, ತಿಂಗಳಿಗೊಮ್ಮೆ ಎಂಬುದಿಲ್ಲ. ಅದಕ್ಕೆ ಎರಡು-ಮೂರು ತಾಸಿಗೊಮ್ಮೆ ಬೇಕು.

ಮೊದಲು ನನ್ನಿಂದಾದ ಒಂದು ತಪ್ಪನ್ನು ಹೇಳಬೇಕು. ಹೇಳಲು ಇಂದಿಗೂ ಗಂಟಲು ಕಟ್ಟುತ್ತದೆ. ಆದರೂ ಇಲ್ಲಿರುವ ಒಬ್ಬ ತಾಯಿಗಾದರೂ ಅದರಿಂದ ಉಪಯೋಗವಾಗಬಹುದು.

ನನ್ನ ಹಿರಿಯ ಮಗಳು ಹುಟ್ಟಿ ಮೂರನೆಯ ತಿಂಗಳಲ್ಲಿ ನನಗೆ ಜ್ವರ ಬಂದು, ಎದೆಹಾಲು ಕಡಿಮೆಯಾಯಿತೆಂದು ಡಬ್ಬಿಯ ಹಾಲಿನ ಪುಡಿ ಸುರು ಮಾಡಿದೆವು. ಆಗ ನಮ್ಮ ಸಂಸಾರ ಹೊಸತು. ಮನೆ ಬಾಡಿಗೆ, ಊರಿಗೆ ಹೋಗಿಬರುವ ಖರ್ಚು, ಹೆರಿಗೆಗೆ ಮಾಡಿದ ಸಾಲ ಎಲ್ಲವೂ ಒಟ್ಟಿಗೇ ಇದ್ದವು. ಒಂದು ಡಬ್ಬಿ ಆರು ದಿನಕ್ಕೆ ಖಾಲಿಯಾಗುತ್ತಿತ್ತು. ನಾನು ಪ್ರತಿ ಸಲವೂ ಪುಡಿಯನ್ನು ಒಂದು ಚಮಚೆ ಕಡಿಮೆ ಹಾಕಿ, ನೀರನ್ನು ಅಷ್ಟೇ ಇಟ್ಟು, ಅದೇ ಡಬ್ಬಿಯನ್ನು ಒಂಬತ್ತು ದಿನಕ್ಕೆ ಮುಟ್ಟಿಸಿದೆ. ಪುಡಿ ಹೆಚ್ಚಾದರೆ ಕೂಸಿಗೆ ಅರಗುವುದಿಲ್ಲ ಎಂದು ಯಾರೋ ಹೇಳಿದ ಮಾತು ನನಗೆ ಆಸರೆಯಾಗಿತ್ತು. ಲೆಕ್ಕದ ಪುಸ್ತಕದಲ್ಲಿ ಆ ತಿಂಗಳು ಕೆಲವು ನೂರು ರೂಪಾಯಿ ಉಳಿದಿತ್ತು, ಮತ್ತು ಆ ಸಾಲಿನ ಕೆಳಗೆ ನಾನು ಸಂತೋಷದಿಂದ ಗೆರೆ ಎಳೆದಿದ್ದೆ. ಮುಂದಿನ ತೂಕದ ದಿನ ಅಂಗನವಾಡಿ ಕಾರ್ಯಕರ್ತೆ ಮಗುವನ್ನು ತೂಗಿ, ತಾಯಿ-ಮಗುವಿನ ಆರೋಗ್ಯದ ವಿವರ ಬರೆದಿಡುವ ತಾಯಿ ಕಾರ್ಡಿನ ಬೆಳವಣಿಗೆಯ ಪಟ್ಟಿಯಲ್ಲಿ ಚುಕ್ಕೆಯಿಟ್ಟು, ಹಿಂದಿನ ಚುಕ್ಕೆಗೆ ಗೆರೆ ಎಳೆದು ಸುಮ್ಮನೆ ನನ್ನ ಮುಂದೆ ಹಿಡಿದರು. ಹಸಿರು ಪಟ್ಟಿಯಲ್ಲಿ ಮೇಲೇರುತ್ತಿದ್ದ ಗೆರೆ ಮಟ್ಟಸವಾಗಿ ಹಳದಿಯತ್ತ ಹೊರಳಿತ್ತು. ಅವರು ಗದರಲಿಲ್ಲ; “ಎಷ್ಟು ನೀರಿಗೆ ಎಷ್ಟು ಚಮಚೆ ಹಾಕುತ್ತೀರಿ ತಂಗಿ?” ಎಂದಷ್ಟೇ ಕೇಳಿದರು. ಉತ್ತರ ಹೇಳುವಷ್ಟರಲ್ಲಿ ನನಗೇ ಎಲ್ಲ ಅರ್ಥವಾಯಿತು.

ಆರೋಗ್ಯವಂತ ಮಗು ಐದು-ಆರು ತಿಂಗಳಿಗೆ ಹುಟ್ಟಿದಾಗಿನ ತೂಕದ ಇಮ್ಮಡಿಯಾಗುತ್ತದೆ, ವರ್ಷ ತುಂಬುವ ಹೊತ್ತಿಗೆ ಸುಮಾರು ಮುಮ್ಮಡಿ. ಮುಂದೆ ಬದುಕಿನಲ್ಲಿ ಎಂದೂ ಅದು ಅಷ್ಟು ವೇಗವಾಗಿ ಬೆಳೆಯುವುದಿಲ್ಲ. ಆ ಕಾಲದಲ್ಲಿ ನೀರು ಬೆರೆಸಿದ ಹಾಲು ಹೊಟ್ಟೆಯನ್ನು ತುಂಬಿಸುತ್ತದೆಯೇ ಹೊರತು ಮೈಗೆ ಬೇಕಾದಷ್ಟು ಕೊಡುವುದಿಲ್ಲ. ಹೊಟ್ಟೆ ತುಂಬಿದ ಮಗು ಅಳದೆ ಮಲಗುವುದರಿಂದ ತಾಯಿಗೆ ಅನುಮಾನವೂ ಬರುವುದಿಲ್ಲ. ಅದೇ ಕಾರ್ಯಕರ್ತೆ ದಿನವೂ ಸಂಜೆ ನಮ್ಮ ಮನೆಗೆ ಬಂದು, ಮಗುವನ್ನು ಮೊದಲು ಎದೆಗೆ ಹಾಕಿ ಆಮೇಲಷ್ಟೇ ಡಬ್ಬಿಯ ಹಾಲನ್ನು ಸರಿಯಾದ ಅಳತೆಯಲ್ಲಿ ಕೊಡುವಂತೆ ಹೇಳಿಕೊಟ್ಟರು. ಮಗು ಚೀಪಿದಷ್ಟೂ ಹಾಲು ಉತ್ಪತ್ತಿಯಾಗುತ್ತದೆ ಎಂಬ ಸರಳ ಸಂಗತಿಯನ್ನು ನನಗೆ ಅಷ್ಟು ವಿವರವಾಗಿ ತಿಳಿಸಿದವರು ಅವರೇ. ಎರಡು ತಿಂಗಳಲ್ಲಿ ಡಬ್ಬಿ ಮನೆಯಿಂದ ಹೋಯಿತು, ಗೆರೆ ಹಸಿರಿಗೆ ಮರಳಿತು. ಮೊದಲ ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ, ನೀರು ಕೂಡ, ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಬಡವರಿಗೆ ಅನುಕೂಲವಾಗಲೆಂದಲ್ಲ. ಆದರೆ ಬಡವರ ಮನೆಗೆ ಅದರಷ್ಟು ಅನುಕೂಲವಾದದ್ದು ಮತ್ತೊಂದಿಲ್ಲ.

ಅಂದಿನಿಂದ ನಾನು ತಿಂಗಳ ಕೊನೆಯಲ್ಲಿ ಲೆಕ್ಕದ ಪುಸ್ತಕವನ್ನೂ ತಾಯಿ ಕಾರ್ಡನ್ನೂ ಅಕ್ಕಪಕ್ಕ ತೆರೆದಿಟ್ಟುಕೊಂಡು ಓದುವುದನ್ನು ರೂಢಿ ಮಾಡಿಕೊಂಡೆ. ಒಂದರಲ್ಲಿ ಉಳಿದದ್ದು ಇನ್ನೊಂದರಲ್ಲಿ ಕಳೆದಿದ್ದರೆ ಅದು ಉಳಿತಾಯವಲ್ಲ. ಲಸಿಕೆಯ ದಿನ ಕೂಲಿ ತಪ್ಪುತ್ತದೆಂದು ಹೋಗದಿರುವುದು, ಬಾಣಂತಿಯ ತಟ್ಟೆಯಲ್ಲಿ ಕಡಿತ ಮಾಡುವುದು, ಭೇದಿಯಾದ ಮಗುವನ್ನು ನಾಳೆ ನೋಡೋಣವೆಂದು ಇಟ್ಟುಕೊಳ್ಳುವುದು ಇದೇ ಜಾತಿಗೆ ಸೇರಿದವು. ಲಸಿಕೆಗಳು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತವೆ. ಓಆರ್‌ಎಸ್ ಪೊಟ್ಟಣವೂ, ಭೇದಿಗೆ 14 ದಿನ ಕೊಡಬೇಕಾದ ಜಿಂಕ್ ಮಾತ್ರೆಯೂ ಸಿಗುತ್ತವೆ. ದೊಡ್ಡ ಪೊಟ್ಟಣವನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಪೂರ್ತಿ ಹಾಕಬೇಕು, 24 ತಾಸಿನ ಮೇಲೆ ಉಳಿದದ್ದನ್ನು ಚೆಲ್ಲಬೇಕು. ಅರ್ಧ ಪೊಟ್ಟಣವನ್ನು ನಾಳೆಗೆಂದು ಎತ್ತಿಡುವ ಉಳಿತಾಯವನ್ನು ದಯವಿಟ್ಟು ಯಾರೂ ಮಾಡಬೇಡಿ.

ಆರು ತಿಂಗಳು ತುಂಬಿದ ಮೇಲೆ ಮಗುವಿಗೆ ಏನು ಉಣಿಸಬೇಕೆಂಬಲ್ಲಿ ನಮ್ಮ ಅಡುಗೆಮನೆಗಳು ಬಹಳ ಶ್ರೀಮಂತವಾಗಿವೆ. ಪೇಟೆಯ ಶಿಶು ಆಹಾರದ ಒಂದು ಡಬ್ಬಿಯ ಬೆಲೆಗೆ ಹಲವು ಕಿಲೋ ರಾಗಿ ಬರುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದ್ದರೆ, ಅಷ್ಟೇ ಬಿಳಿ ಅಕ್ಕಿಯಲ್ಲಿ ಇರುವುದು 10 ಮಿಲಿಗ್ರಾಮಿನ ಆಸುಪಾಸು. ನಮ್ಮಲ್ಲಿ ರಾಗಿಯನ್ನು ನೆನೆಸಿ, ರುಬ್ಬಿ, ತೆಳುಬಟ್ಟೆಯಲ್ಲಿ ಸೋಸಿ, ತಳದಲ್ಲಿ ನಿಂತ ಹಿಟ್ಟಿನಿಂದ ಮಣ್ಣಿ ಕಾಯಿಸುವುದು ವಾಡಿಕೆ. ಮೊದಲ ಕೆಲವು ವಾರಗಳಿಗೆ ಅದು ಒಳ್ಳೆಯದೇ. ಆದರೆ ಬಟ್ಟೆಯಲ್ಲಿ ಉಳಿಯುವ ಸಿಪ್ಪೆಯೊಂದಿಗೆ ಸತ್ತ್ವದ ಒಂದು ಪಾಲೂ ಹೊರಗೆ ಹೋಗುತ್ತದೆ. ಅದಕ್ಕಿಂತ ಮೊಳಕೆಯ ರಾಗಿ ಮೇಲು ಎಂಬುದು ನನ್ನ ಅನುಭವ. ರಾಗಿಯನ್ನು ಒಂದು ರಾತ್ರಿ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಒಂದೂವರೆ ದಿನ ಗಂಟು ಕಟ್ಟಿಟ್ಟು, ಮೊಳಕೆ ಇಣುಕಿದ ಮೇಲೆ ಬಿಸಿಲಿಗೆ ಹರವಿ, ಗರಿಗರಿಯಾಗಿ ಒಣಗಿದಾಗ ಕೈಯಲ್ಲಿ ಉಜ್ಜಿ ಮೊಳಕೆ ಉದುರಿಸಿ, ಸಣ್ಣ ಉರಿಯಲ್ಲಿ ಹುರಿದು ಬೀಸಬೇಕು. ಮೊಳೆಯುವಾಗ ಕಾಳು ತನ್ನೊಳಗಿನ ಪಿಷ್ಟವನ್ನು ತಾನೇ ಒಡೆಯುವುದರಿಂದ ಈ ಹಿಟ್ಟಿನ ಅಂಬಲಿ ಬೇಗ ಗಟ್ಟಿಯಾಗುವುದಿಲ್ಲ. ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಿಡಿಯುತ್ತದೆ, ಮಗುವಿನ ಪುಟ್ಟ ಹೊಟ್ಟೆಗೆ ನಾಲ್ಕು ಚಮಚೆಯಲ್ಲಿಯೇ ಹೆಚ್ಚು ಬಲ ಸೇರುತ್ತದೆ. ಕಬ್ಬಿಣದಂಶವೂ ಮೈಗೆ ಸುಲಭವಾಗಿ ಹತ್ತುತ್ತದೆ. ಇದಕ್ಕೆ ಹೆಸರುಕಾಳಿನ ಮೊಳಕೆಯನ್ನು ಹಾಗೆಯೇ ಒಣಗಿಸಿ ಸೇರಿಸಬಹುದು, ಉಣಿಸುವಾಗ ಅರ್ಧ ಚಮಚೆ ತುಪ್ಪ ಹಾಕಬಹುದು. ಅಂಗನವಾಡಿಯಿಂದ ಬರುವ ಪುಷ್ಟಿಯ ಪೊಟ್ಟಣವನ್ನು ದನದ ಅಕ್ಕಚ್ಚಿಗೆ ಹಾಕುವ ಮನೆಗಳನ್ನೂ ಕಂಡಿದ್ದೇನೆ. ಅದು ಆ ಮಗುವಿನ ಪಾಲು. ಹಳೆಯ ರೂಢಿಗಳಲ್ಲಿ ಒಂದನ್ನು ಮಾತ್ರ ಬಿಡಲೇಬೇಕು: ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ನೆಕ್ಕಿಸಬಾರದು. ಎಷ್ಟೇ ಶುದ್ಧ ಜೇನಿನಲ್ಲಿಯೂ ಇರಬಹುದಾದ ಒಂದು ಬಗೆಯ ಸೂಕ್ಷ್ಮಜೀವಿಯ ಬೀಜಕಣಗಳು ಎಳೆಯ ಕರುಳಿನಲ್ಲಿ ಮೊಳೆತು ವಿಷವಾಗುತ್ತವೆ.

ಕರಾವಳಿಯವರಿಗೆ ತಾರ್ಲೆ, ಬಂಗಡೆಯಂಥ ಅಗ್ಗದ ಮೀನಿರುವಾಗ ಮಗುವಿನ ಬಲಕ್ಕೆಂದು ಪುಡಿ ಡಬ್ಬಿಗಳನ್ನು ಕೊಳ್ಳುವ ಅಗತ್ಯವೇ ಇಲ್ಲ. ಮುಳ್ಳು ತೆಗೆಯುವ ತಾಳ್ಮೆ ಇದ್ದರೆ ಸಾಕು.

ಈಗ ಬಟ್ಟೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಮಿತವ್ಯಯದ ಲೆಕ್ಕದಲ್ಲಿ ನಾವು ಸದಾ ಬಿಟ್ಟುಬಿಡುವ ಒಂದು ಬಾಬ್ತು ಇಲ್ಲಿದೆ. ಐದೂವರೆ ಮೀಟರಿನ ಒಂದು ಹಳೆಯ ಹತ್ತಿ ಸೀರೆಯಿಂದ ಸುಮಾರು 55 ಸೆಂಟಿಮೀಟರಿನ ಇಪ್ಪತ್ತು ಚೌಕಗಳಾಗುತ್ತವೆ. ಮೂರು ಸೀರೆಯಿದ್ದರೆ ಮಗುವಿನ ಲಂಗೋಟಿಗೆ ಕಾಸು ಖರ್ಚಿಲ್ಲ, ಮತ್ತು ಹತ್ತಾರು ಸಲ ಒಗೆದು ಮೆತ್ತಗಾದ ಆ ಬಟ್ಟೆಯಷ್ಟು ಹಿತವಾದದ್ದು ಎಳೆಯ ಚರ್ಮಕ್ಕೆ ಬೇರೊಂದಿಲ್ಲ. ನನ್ನ ಮೊದಲ ಮಗುವಿಗೆ ಆಯಿ, ಅಂದರೆ ನನ್ನ ತಾಯಿ, ಗಂಟು ಕಟ್ಟಿ ಕಳಿಸಿದ್ದು ತಾನು ಉಟ್ಟ ಸೀರೆಗಳನ್ನೇ. ನಾನೂ ಹೆಮ್ಮೆಯಿಂದ ಡೈಪರ್ ಮುಟ್ಟದೆ ಸಾಕಿದೆ. ಆದರೆ ಎರಡನೆಯ ಮಗ ಹುಟ್ಟಿದ್ದು ಜೂನ್ ತಿಂಗಳಲ್ಲಿ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಸುರಿದು, ಅದರಲ್ಲಿ ಬಹುಪಾಲನ್ನು ನಾಲ್ಕೇ ತಿಂಗಳಲ್ಲಿ ಮುಗಿಸುವ ಮಳೆ ಇದು. ದಿನಕ್ಕೆ ಹತ್ತು-ಹನ್ನೆರಡು ಲಂಗೋಟಿ ಒಗೆದು ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ಹಾಕಿದರೆ ಎರಡು ದಿನವಾದರೂ ಹಸಿ ಹೋಗುತ್ತಿರಲಿಲ್ಲ. ಅರೆ ಒಣಗಿದ ಬಟ್ಟೆಯಿಂದ ಮಗುವಿನ ತೊಡೆಸಂದಿ ಕೆಂಪಾಗಿ ಬೊಕ್ಕೆ ಎದ್ದಿತು. ಅದನ್ನು ತಪ್ಪಿಸಲು ರಾತ್ರಿ ಹನ್ನೊಂದರವರೆಗೆ ನಿಂತು ಒಂದೊಂದಕ್ಕೂ ಇಸ್ತ್ರಿ ಮಾಡಿದೆ. 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಒಂದು ತಾಸು ಉರಿದರೆ ಒಂದು ಯೂನಿಟ್; ವಿದ್ಯುತ್ತಿನ ಲೆಕ್ಕ ಅಷ್ಟೇ. ನನ್ನ ಲೆಕ್ಕ ಬೇರೆಯಿತ್ತು. ಒಗೆತ, ಹಿಂಡುವುದು, ತಿರುವಿ ಹಾಕುವುದು, ಇಸ್ತ್ರಿ ಎಲ್ಲ ಸೇರಿ ದಿನಕ್ಕೆ ಎರಡೂವರೆ ತಾಸು, ಅದೂ ಹೆರಿಗೆಯಾಗಿ ಆರು ವಾರವಾಗದ ಮೈಯಲ್ಲಿ, ರಾತ್ರಿ ಮೂರು ಸಲ ಹಾಲೂಡಿಸುವ ನಡುವೆ. ಆ ನಿದ್ರೆಯ ಬೆಲೆಯನ್ನು ಯಾವ ಪುಸ್ತಕದಲ್ಲಿಯೂ ಯಾರೂ ಬರೆಯಲಿಲ್ಲ.

ಒಂದು ದಿನ ನಮ್ಮ ಯಜಮಾನರು ತಾವೇ ಕಾಗದ ತೆಗೆದುಕೊಂಡು ಲೆಕ್ಕ ಹಾಕಿದರು. ಮಳೆಗಾಲದ 120 ದಿನ ಹಗಲು-ರಾತ್ರಿ ಡೈಪರ್ ಹಾಕಿದರೆ, ದಿನಕ್ಕೆ ಹತ್ತರಂತೆ 1200 ಬೇಕು. ರಾತ್ರಿ ಮಾತ್ರ ಒಂದು ಹಾಕಿದರೆ 120. ಹಗಲಿಗೆ ಸೀರೆಯ ಲಂಗೋಟಿ, ರಾತ್ರಿಗೆ ಒಂದು ಡೈಪರ್, ಸಂಜೆಯ ಒಗೆತ ಅವರದು ಎಂದು ತೀರ್ಮಾನವಾಯಿತು. ನನ್ನ ಮಟ್ಟಿಗೆ ನಮ್ಮ ಸಂಸಾರದಲ್ಲಿ ಆದ ಅತ್ಯಂತ ಜಾಣತನದ ಖರ್ಚು ಅದು. ಇಲ್ಲಿರುವ ಅಪ್ಪಂದಿರು ಇದನ್ನು ಗಮನಿಸಬೇಕೆಂದು ಕೇಳಿಕೊಳ್ಳುತ್ತೇನೆ. ಹೆಂಗಸಿನ ಹೊತ್ತಿಗೆ ಬೆಲೆಯಿಲ್ಲವೆಂದು ಹಿಡಿದರೆ ಮನೆಯಲ್ಲಿ ಮಾಡಿದ್ದೆಲ್ಲವೂ ಅಗ್ಗವಾಗಿಯೇ ಕಾಣುತ್ತದೆ. ಆ ಲೆಕ್ಕ ಸುಳ್ಳು. ಮತ್ತೊಂದು ಮಾತು: ಬಳಸಿದ ಡೈಪರನ್ನು ಬಚ್ಚಲ ಒಲೆಗೆ ಹಾಕಬೇಡಿ, ಹಳ್ಳಕ್ಕೂ ಎಸೆಯಬೇಡಿ. ಅದರಲ್ಲಿ ಪ್ಲಾಸ್ಟಿಕ್ ಇದೆ. ಆ ಹೊಗೆಯನ್ನು ಮೊದಲು ಕುಡಿಯುವುದು ನೀರು ಕಾಯಿಸುವ ಅಜ್ಜಿಯೂ ಮೀಯಲು ಕಾದು ಕುಳಿತ ಮಗುವೂ.

ಮಗುವಿನ ಅಂಗಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲ ವರ್ಷದಲ್ಲಿ ಮಗು ಸುಮಾರು 25 ಸೆಂಟಿಮೀಟರ್ ಉದ್ದವಾಗುವುದರಿಂದ ಯಾವ ಅಂಗಿಯೂ ಹರಿಯುವಷ್ಟು ದಿನ ಮೈಮೇಲೆ ಇರುವುದಿಲ್ಲ. ಅಕ್ಕನ ಮಕ್ಕಳದ್ದು, ಭಾವನ ಮಕ್ಕಳದ್ದು ತಂದು ಹಾಕಿ, ಮುಂದಿನವರಿಗೆ ದಾಟಿಸಿದರಾಯಿತು. ತೊಟ್ಟಿಲೂ ಹಾಗೆಯೇ.

ದಾಸ್ತಾನಿನ ಕೆಲಸವನ್ನು ಮಾತ್ರ ನಾನು ಮಕ್ಕಳಿಂದ ಬೇರೆ ಮಾಡಿ ನೋಡಲಾರೆ. ತವರಿನಲ್ಲಿ ಏಪ್ರಿಲ್ ಬಂತೆಂದರೆ ಹಲಸಿನ ಹಪ್ಪಳ. ದೊಡ್ಡವರು ಸೊಳೆ ಬೇಯಿಸಿ ಕುಟ್ಟಿದರೆ, ಉಂಡೆ ಎಣಿಸಿ ಕೊಡುವುದು ಐದು ವರ್ಷದವರ ಕೆಲಸ, ಒತ್ತಿದ ಹಪ್ಪಳವನ್ನು ಚಾಪೆಯ ಮೇಲೆ ಹರವುವುದು ಏಳು ವರ್ಷದವರ ಕೆಲಸ, ಕಾಗೆ ಕಾಯುವುದು ಎಲ್ಲರ ಕೆಲಸ. ಹಸಿ ಹಪ್ಪಳ ಕದ್ದು ತಿನ್ನುವುದಕ್ಕೆ ಯಾರೂ ತಡೆಯೊಡ್ಡುತ್ತಿರಲಿಲ್ಲ. ಹಲಸಿನ ಬೀಜಕ್ಕೆ ಕೆಮ್ಮಣ್ಣು ಸವರಿ ಒಣಗಿಸಿಡುವುದು, ಮೊಗೆಕಾಯಿಯನ್ನು (ಮಂಗಳೂರು ಸೌತೆ) ಬಾಳೆಯ ಹಗ್ಗದಲ್ಲಿ ಕಟ್ಟಿ ಮಾಡಿನಿಂದ ತೂಗಿಸುವುದು, ಉಪ್ಪಿನಲ್ಲಿ ಸೊಳೆ ಹಾಕುವುದು, ಮುರುಗಲ ಸಿಪ್ಪೆ ಒಣಗಿಸುವುದು ಇವೆಲ್ಲ ಮಳೆಗಾಲದಲ್ಲಿ ತರಕಾರಿಯ ಬೆಲೆ ಏರಿದಾಗ ಮನೆಯನ್ನು ಕಾಯುತ್ತವೆ. ತೂಗುಹಾಕಿದ ಮೊಗೆಕಾಯಿಗಳನ್ನು ದಿನವೂ ಎಣಿಸುವ ಮಗು, ಇಷ್ಟರಲ್ಲಿ ಎಷ್ಟು ದಿನ ಸಾಗಬೇಕು ಎಂಬುದನ್ನು ತಾನಾಗಿಯೇ ಕಲಿಯುತ್ತದೆ. ನನ್ನ ಮಗ ಕಳೆದ ವರ್ಷ ಜುಲೈಯಲ್ಲಿ, “ಆಯಿ, ಇನ್ನು ನಾಲ್ಕೇ ಉಳಿದವೆ, ಚೌತಿಗೆ ಒಂದು ಇಡಬೇಕು” ಎಂದು ತಾನೇ ಹೇಳಿದ. ಬಾಡಿಗೆ ಮನೆಯಲ್ಲಿ ಅಟ್ಟವಿಲ್ಲ, ಅಂಗಳವಿಲ್ಲ ಎನ್ನುವವರಿಗೆ ಇಷ್ಟೆಲ್ಲ ಸಾಧ್ಯವಿಲ್ಲವೆಂಬುದು ನನಗೆ ಗೊತ್ತು. ನಾನೂ ಕಾರವಾರದಲ್ಲಿ ಮಾಡುವುದು ಇದರ ಕಾಲುಭಾಗ. ಗೋಣಿಚೀಲದ ಮಣ್ಣಿನಲ್ಲಿ ಒಂದು ಬಸಳೆಬಳ್ಳಿ, ಹಳೆಯ ಬಾಲ್ದಿಯಲ್ಲಿ ಒಂದೆಲಗ, ಇಷ್ಟರಿಂದಲೇ ವಾರಕ್ಕೆ ಎರಡು ದಿನದ ಹುಳಿ ಮತ್ತು ತಂಬುಳಿ ಆಗುತ್ತದೆ.

ಜೂನ್ ತಿಂಗಳ ಗಂಟಿಗೆ ಹಣ ಕೂಡಿಸುವುದು ಹೇಗೆಂದು ಹಲವರು ಕೇಳಿದ್ದೀರಿ. ದಿನದ ಆದಾಯದವರಿಗೆ ಪಿಗ್ಮಿಗಿಂತ ಸರಳವಾದದ್ದು ನನಗೆ ಕಾಣುವುದಿಲ್ಲ. 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಬ್ಯಾಂಕು ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಿಗೆ ಬಂದು ಸಂಗ್ರಹಿಸಲು ತೊಡಗಿದ್ದು ನಮ್ಮಂಥವರ ಕರಾವಳಿಗಾಗಿಯೇ. ದಿನಕ್ಕೆ 20 ರೂಪಾಯಿಯಂತೆ 300 ದಿನ ಕೊಟ್ಟರೆ 6000 ರೂಪಾಯಿ. ನಿಷೇಧದ ಎರಡು ತಿಂಗಳಿಗೆ ಅದು ಅಕ್ಕಿಯೂ ಹೌದು, ಪಾಟಿಚೀಲವೂ ಹೌದು. ತಿಂಗಳ ಆದಾಯದವರು ಅಕ್ಟೋಬರಿನಿಂದ ಎಂಟು ತಿಂಗಳ ಆವರ್ತ ಠೇವಣಿ ಇಡಬಹುದು. ಗೃಹಲಕ್ಷ್ಮಿಯ 2000 ರೂಪಾಯಿ ಬರುವ ಮನೆಗಳಲ್ಲಿ ಅದರ ನಾಲ್ಕನೆಯ ಒಂದು ಪಾಲನ್ನಾದರೂ ಅದೇ ಖಾತೆಯಲ್ಲಿ ಬಿಡಲು ಪ್ರಯತ್ನಿಸಿ. ಆದರೆ ದಯವಿಟ್ಟು ಪಾಸ್‌ಬುಕ್ ಇಲ್ಲದ ಚೀಟಿಗೆ, ಪರಿಚಯದ ಬಾಯಿಮಾತಿಗೆ ಮಕ್ಕಳ ಹಣವನ್ನು ಕೊಡಬೇಡಿ. ಹತ್ತು ವರ್ಷದೊಳಗಿನ ಹೆಣ್ಣುಮಗುವಿರುವವರಿಗೆ 2015ರಿಂದ ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆಯಿದೆ, ವರ್ಷಕ್ಕೆ 250 ರೂಪಾಯಿ ಕಟ್ಟಿದರೂ ಅದು ನಡೆಯುತ್ತದೆ. ಆದರೆ ಅದು ಮುಂದಿನ ಕಾಲದ ಹಣ, ಜೂನಿಗೆ ಕೈಗೆ ಬರುವುದಿಲ್ಲ. ಎರಡನ್ನೂ ಒಂದೇ ಎಂದು ತಿಳಿದು ಕಷ್ಟಕ್ಕೆ ಸಿಲುಕಿದವರಿದ್ದಾರೆ.

ಮಕ್ಕಳ ಕೈಗೆ ದುಡ್ಡು ಕೊಡಬೇಕೇ ಎಂಬುದರಲ್ಲಿ ನಮ್ಮ ಮನೆಯಲ್ಲಿಯೇ ಭಿನ್ನಾಭಿಪ್ರಾಯವಿತ್ತು. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಗೆಂದು ವಾರಕ್ಕೆ 5 ರೂಪಾಯಿ ಡಬ್ಬಿಗೆ ಹಾಕಿಸಿದರೆ ಜಾತ್ರೆಯ ಹೊತ್ತಿಗೆ 520 ರೂಪಾಯಿ ಆಗುತ್ತದೆಂದು ನಾನು ಮಗಳಿಗೆ ನಾಲ್ಕನೆಯ ವಯಸ್ಸಿನಲ್ಲಿ ಹೇಳಿದ್ದೆ. ಮೂರನೆಯ ವಾರಕ್ಕೆ ಅವಳು ಡಬ್ಬಿಯನ್ನೇ ಮರೆತಳು. ನಾಲ್ಕು ವರ್ಷದ ಮಗುವಿಗೆ ನಾಳೆಯೇ ದೂರ. ಎರಡು ವರ್ಷವೆಂದರೆ ಅದಕ್ಕೆ ಅರ್ಥವೇ ಇಲ್ಲ. ಆಮೇಲೆ ಕಾರವಾರದ ಭಾನುವಾರದ ಸಂತೆಗೆ ಅಳವಡಿಸಿದೆವು. ವಾರವಿಡೀ ಕೂಡಿಟ್ಟದ್ದರಲ್ಲಿ ಸಂತೆಯಿಂದ ತನಗೆ ಬೇಕಾದ ಒಂದು ಹಣ್ಣನ್ನು ತಾನೇ ಚೌಕಾಶಿ ಮಾಡಿ ತರಬೇಕು. ಹಾಲಕ್ಕಿ ಅಜ್ಜಿಯರ ಬುಟ್ಟಿಯ ಮುಂದೆ ಕುಳಿತು ಅವಳು ಕಲಿತ ಎಣಿಕೆ ಬಹಳ ಗಟ್ಟಿಯಾದದ್ದು. ಎಂಟಾದ ಮೇಲೆ ಜಾತ್ರೆಯ ಡಬ್ಬಿ ತಾನಾಗಿಯೇ ಮರಳಿ ಬಂತು. ಸಂತೆ ಮುಗಿಸಿ ಸಂಜೆ ಟ್ಯಾಗೋರ್ ಕಡಲತೀರದಲ್ಲಿ ಮರಳಾಟ. ಅದಕ್ಕೆ ಕಾಸಿಲ್ಲ, ಮತ್ತು ಅಪ್ಪ-ಆಯಿ ಇಬ್ಬರೂ ಬೇರೆ ಕೆಲಸವಿಲ್ಲದೆ ಪಕ್ಕದಲ್ಲಿ ಕುಳಿತಿರುವುದಕ್ಕಿಂತ ದೊಡ್ಡ ಆಟಿಕೆ ಮಕ್ಕಳಿಗೆ ಬೇಕಾಗಿಯೂ ಇಲ್ಲ.

ಮಾತು ಮುಗಿದ ಮೇಲೆ ಎಳೆಯ ಬಾಣಂತಿಯೊಬ್ಬರು ಎದ್ದು ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತೇನೆ. “ನೀವು ಹೇಳಿದ್ದೆಲ್ಲ ಸರಿ ಅಕ್ಕ, ಆದರೆ ಮನೆಯಲ್ಲಿ ಖರ್ಚಿನ ಮಾತು ಅತ್ತೆಯದು. ಅವರಿಗೆ ನಾನು ಹೇಗೆ ಹೇಳಲಿ?” ಎಂದು ಅವರು ಕೇಳಿದರು. ನಾನು ಅವರಿಗೆ ಹೇಳಿದ್ದು ಇಷ್ಟು. ಅತ್ತೆಗೆ ಏನನ್ನೂ ಹೇಳಬೇಡಿ. ಮುಂದಿನ ತೂಕದ ದಿನ ಅಂಗನವಾಡಿಗೆ ಹೋಗುವಾಗ ಅವರನ್ನು ಕರೆದುಕೊಂಡು ಹೋಗಿ, ಮಗುವನ್ನು ತಕ್ಕಡಿಯಲ್ಲಿ ಇಡುವ ಕೆಲಸವನ್ನು ಅವರ ಕೈಗೇ ಕೊಡಿ, ಕಾರ್ಡಿನ ಗೆರೆಯನ್ನು ಕಾರ್ಯಕರ್ತೆ ಅವರಿಗೇ ತೋರಿಸಲಿ. ಮನೆಗೆ ಬಂದ ಮೇಲೆ ಕಾರ್ಡನ್ನು ದೇವರ ಗೂಡಿನ ಪಕ್ಕದಲ್ಲಿ, ಲೆಕ್ಕದ ಪುಸ್ತಕ ಇಡುವ ಜಾಗದಲ್ಲಿಯೇ ಇಡಿ. ಮೂರು ತಿಂಗಳಲ್ಲಿ ಗೆರೆ ನೋಡಲು ನಿಮಗಿಂತ ಮೊದಲು ಅವರೇ ಕನ್ನಡಕ ಹುಡುಕುತ್ತಾರೆ. ನಮ್ಮ ಅತ್ತೆಯೂ ಹಾಗೆಯೇ ಹುಡುಕುತ್ತಿದ್ದರು.